ಹರಕೆಯ ಆಡನ್ನು ತಿಂದ ಬಾಯಿ

ಹೊಗೆಯಾಡುವ ಬೆಟ್ಟದ ಮಗ್ಗುಲಲ್ಲಿ ಮನೆ ಕಟ್ಟಿಕೊಂಡವರಿಗೆ ದೇವರನ್ನು ನೆನೆಯಿರಿ ಎಂದು ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಬೆಟ್ಟ ಒಮ್ಮೆ ಕೆಮ್ಮಿದರೆ ಸಾಕು, ಕೈ ತಾನಾಗಿಯೇ ಮುಗಿಯುತ್ತದೆ! ಜಾವಾ ದ್ವೀಪದ ಮೂಡಣ ಬೆಟ್ಟಸಾಲಿನ ಅರ್ಗಸಾರಿ ಎಂಬ ಹಳ್ಳಿಯವರು ಅಂಥ ಜನ. ಅವರೂ ನಮ್ಮ ಹಾಗೆ ಬ್ರಹ್ಮನ, ಶಿವನ ಹೆಸರು ಹೇಳಿ ದೀಪ ಹಚ್ಚುವವರು. ನಿಂತರೆ ಜಾರುವಂಥ ಇಳಿಜಾರಿನಲ್ಲಿ ಆಲೂಗಡ್ಡೆ, ಕೋಸು, ಈರುಳ್ಳಿ ಬೆಳೆದುಕೊಂಡು, ಚಳಿಗೆ ಹೆಗಲ ತುಂಬ ಲುಂಗಿ ಸುತ್ತಿಕೊಂಡು ಬದುಕುವವರು.

ಆ ಹಳ್ಳಿಯ ಪುರೋಹಿತರು ಪೂಜ್ಯ ಸುದರ್ಮಾ ಅವರು. ನಾವು ಅಜ್ಜಾ ಎನ್ನುವ ಹಾಗೆ ಅಲ್ಲಿಯವರು ಅವರನ್ನು ಎಂಬಾ ಎನ್ನುತ್ತಿದ್ದರು. ಮಠವಿಲ್ಲ, ಪೀಠವಿಲ್ಲ, ಅಡುಗೆಮನೆಯ ಒಲೆಯ ಮುಂದಿನ ಮಣೆಯೇ ಆ ಮಹಾತ್ಮರ ಗದ್ದುಗೆ. ದರ್ಶನಕ್ಕೆ ಬಂದವರ ಮುಂದೆ ಬೆಳ್ಳುಳ್ಳಿಯ ಬುಟ್ಟಿ ಸರಿಸಿ, "ಬಿಡಿಸುತ್ತಾ ಹೇಳು" ಎನ್ನುತ್ತಿದ್ದರು. ಕೈಗೆ ಕೆಲಸ ಸಿಕ್ಕಿದರೆ ದುಃಖ ಅರ್ಧ ಇಳಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಒಂದು ಬೆಳಗ್ಗೆ ರಸ್ಮಾದಿ ಎಂಬ ರೈತ ಅವರ ಅಡುಗೆಮನೆಗೆ ನುಗ್ಗಿದ. ಬುಟ್ಟಿ ಮುಂದೆ ಬಂದರೂ ಮುಟ್ಟಲಿಲ್ಲ.

"ಎಂಬಾ, ನನ್ನ ಹರಕೆ ದೇವರಿಗೆ ಮುಟ್ಟಲೇ ಇಲ್ಲ. ತುಮಿನಾ ಅನ್ನ ಬಿಟ್ಟಿದ್ದಾಳೆ."

ನಡೆದದ್ದಿಷ್ಟು. ಹಿಂದಿನ ಬೂದಿಮಳೆಯಲ್ಲಿ ರಸ್ಮಾದಿಯ ಹೆಂಡತಿ ತುಮಿನಾಳಿಗೆ ಎದೆ ಕಟ್ಟಿ ಜ್ವರ ಹತ್ತಿತ್ತು. ಕೆಳಗಿನ ಪೇಟೆಯ ದಾದಿ ಔಷಧಿ ಕೊಟ್ಟು, "ಹೊಟ್ಟೆಗೆ ತಿಂದರೆ ಬದುಕುತ್ತಾಳೆ" ಎಂದಿದ್ದಳು. ಅಷ್ಟರಲ್ಲಿ ಕಸಾದ ಹಬ್ಬ ಬಂತು. ಆ ದಿನ ಊರೂರಿನವರೆಲ್ಲ ತಮ್ಮ ಬೆಳೆಯಲ್ಲಿ ಒಳ್ಳೆಯದನ್ನು, ಹಟ್ಟಿಯಲ್ಲಿ ಮುದ್ದಿನದನ್ನು ಹೊತ್ತು ಬೆಟ್ಟ ಹತ್ತಿ, ಹೊಗೆ ಏಳುವ ಆ ದೊಡ್ಡ ಕುಳಿಗೆ ಎಸೆದು ಕೈಮುಗಿಯುತ್ತಾರೆ. ಕುಳಿಯ ಒಳ ಇಳಿಜಾರಿನಲ್ಲಿ ಬಡವರು ಉದ್ದನೆಯ ಕೋಲಿಗೆ ಬಲೆ ಕಟ್ಟಿಕೊಂಡು ನಿಂತಿರುತ್ತಾರೆ. ಬಿದ್ದ ಕೋಸು, ಕೋಳಿ, ಏನು ಸಿಕ್ಕಿದರೂ ಹಿಡಿದುಕೊಳ್ಳುತ್ತಾರೆ. ಯಾರೂ ಬೇಡ ಎನ್ನುವುದಿಲ್ಲ. ಅಜ್ಜ ಮುತ್ತಜ್ಜರ ಕಾಲದಿಂದ ನಡೆದು ಬಂದದ್ದು.

ಆದರೆ ರಸ್ಮಾದಿ ಕೊಟ್ಟದ್ದು ಹೆಂಡತಿಯ ಪ್ರಾಣಕ್ಕೆ ಹೊತ್ತ ಹರಕೆ. ಮನೆಯಲ್ಲಿದ್ದ ಒಂದೇ ಒಂದು ಹಾಲು ಕರೆಯುವ ಆಡು, ತುಮಿನಾ ಕೈಯಾರೆ ಸಾಕಿದ್ದು. ಅದನ್ನು ಅವನು ಕಣ್ಣುಮುಚ್ಚಿ ಕೆಳಕ್ಕೆ ದೂಡಿದ. ಬೂದಿಯಲ್ಲಿ ಜಾರುತ್ತಾ ಹೋದ ಆಡನ್ನು ಯಾವನೋ ಒಬ್ಬ ಬಲೆಯೊಡ್ಡಿ ಹಿಡಿದು, ಹೆಗಲ ಮೇಲೆ ಹಾಕಿಕೊಂಡು ಹೊರಟೇಬಿಟ್ಟ! ಊರಿನ ಬಾಯಿಗೆ ಬೀಗ ಉಂಟೇ? ಸುದ್ದಿ ತುಮಿನಾಳ ಹಾಸಿಗೆಗೂ ಬಂತು. "ಬೆಟ್ಟದ ದೇವರಿಗೆ ನಾನು ಬೇಡವಾದೆ" ಎಂದು ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಅಂದಿನಿಂದ ಗಂಜಿ ಇಲ್ಲ, ಔಷಧಿಯೂ ಇಲ್ಲ.

"ಹಿಡಿದವನು ಕೆಳಗಿನ ಕೊಳ್ಳದ ಪೈಮಿನ್. ಪತ್ತೆ ಮಾಡಿದ್ದೇನೆ," ಎಂದ ರಸ್ಮಾದಿ, ಸೊಂಟದ ಹಗ್ಗ ತೋರಿಸುತ್ತಾ. "ಆಡನ್ನು ಎಳೆದು ತರುತ್ತೇನೆ. ನೀವು ಮಂತ್ರ ಹೇಳಿ, ಈ ಸಲ ನೇರ ಬೆಂಕಿಯ ಬಾಯಿಗೇ ಹಾಕೋಣ. ಅದು ಮುಟ್ಟದಿದ್ದರೆ ಎಂಬಾ, ಕ್ಷಮಿಸಿ, ಇನ್ನು ಜೀವಮಾನದಲ್ಲಿ ದೀಪ ಹಚ್ಚುವವನಲ್ಲ ನಾನು."

ಇಂಥ ಮಾತಿಗೆ ಬೇರೆ ಪುರೋಹಿತರಾಗಿದ್ದರೆ ಕೆಂಡವಾಗುತ್ತಿದ್ದರೋ ಏನೋ. ಎಂಬಾ ಅವರು ಮೇಲೆದ್ದು ಹೆಗಲಿಗೆ ಲುಂಗಿ ಸುತ್ತಿಕೊಂಡರು.

"ನಡಿ, ನಾನೂ ಬರುತ್ತೇನೆ" ಎಂದರು.

ದಾರಿಯುದ್ದಕ್ಕೂ ರಸ್ಮಾದಿ ಪೈಮಿನ್‌ನ ಏಳು ತಲೆಮಾರನ್ನೂ ಜಾಲಾಡಿದ. ದೇವರ ಪಾಲು ಕದ್ದವನು, ಅವನ ಮನೆ ಹಾಳಾಗ ಎಂದ. ಎಂಬಾ ಅವರಿಗೆ ಇಳಿಯುವಾಗ ಮೊಣಕಾಲು ನೋಯುತ್ತಿತ್ತು. ಅಲ್ಲಲ್ಲಿ ನಿಂತು, ಸುಧಾರಿಸಿಕೊಂಡು ನಡೆದರು.

ಕೊಳ್ಳದಲ್ಲಿ ಪೈಮಿನ್‌ನ ಮನೆ ಎಂದರೆ ಬಿದಿರಿನ ನಾಲ್ಕು ತಟ್ಟಿ. ಬೂದಿಯ ಭಾರಕ್ಕೆ ಮಾಡಿನ ಒಂದು ಮೂಲೆ ಕುಸಿದಿತ್ತು. ಅಂಗಳದಲ್ಲಿ ಆಡು ಹಸಿ ಹುಲ್ಲು ಮೇಯುತ್ತಿತ್ತು. ರಸ್ಮಾದಿ ಹಗ್ಗ ಬಿಚ್ಚಿಕೊಂಡು ಅದರತ್ತ ಹೋಗುವಷ್ಟರಲ್ಲಿ ಒಳಗಿನಿಂದ ಕೂಸಿನ ದನಿ ಕೇಳಿತು. ಜಗಲಿಗೆ ಒಬ್ಬ ಮುದುಕಿ ಬಂದು ಕೂತಳು, ಪೈಮಿನ್‌ನ ತಾಯಿ. ಮಡಿಲಲ್ಲಿ ಹಸುಗೂಸು. ಬಟ್ಟಲಿನ ಹಾಲಿಗೆ ಬಟ್ಟೆಯ ಬತ್ತಿ ಅದ್ದಿ ಅದ್ದಿ ಅವಳು ಅದರ ಬಾಯಿಗಿಟ್ಟಳು.

ಪೈಮಿನ್ ಓಡಿ ಬಂದು ಅಡ್ಡಬಿದ್ದ. "ಹೆಂಡತಿ ಹೆರಿಗೆಯಲ್ಲಿ ಹೋದಳು, ಸ್ವಾಮಿ. ಗಂಜಿನೀರು ಕುಡಿಸಿದರೆ ಮಗು ಕಕ್ಕುತ್ತಿತ್ತು. ಅವತ್ತು ಬಲೆಗೆ ಒಂದು ಕೋಸು ಬಿದ್ದರೂ ಸಾಕು, ಮಾರಿ ಹಾಲು ತರೋಣ ಅಂತ ನಿಂತಿದ್ದೆ. ಹಾಲಿನ ಆಡೇ ಬಂತು! ನಿಮ್ಮದಾದರೆ ಹೊಡೆದುಕೊಂಡು ಹೋಗಿ, ಅಣ್ಣಾ. ಇವತ್ತಿನ ಹಾಲೊಂದು ಬಿಟ್ಟುಕೊಡಿ."

ರಸ್ಮಾದಿಯ ಕೈಯಲ್ಲಿ ಹಗ್ಗ ಹಾಗೇ ಉಳಿಯಿತು. ಎಂಬಾ ಅವರು ಜಗಲಿಯ ಬಳಿ ಹೋಗಿ ಕೂಸಿನ ಗಲ್ಲ ಹಿಡಿದು, ಬೆರಳ ತುದಿಯಿಂದ ಅದರ ಒಸಡು ಮುಟ್ಟಿದರು. ಕೂಸು ಆ ಬೆರಳನ್ನೇ ಚೀಪತೊಡಗಿತು. ಮಹಾತ್ಮರ ಮುಖದಲ್ಲಿ ನಗು ಮೂಡಿತು.

"ಬಾ ಮಗಾ, ನೋಡು. ನಿನ್ನ ಹರಕೆ ತಿಂದ ಬಾಯಿ ಇದು. ಇನ್ನೂ ಹಲ್ಲು ಬಂದಿಲ್ಲ."

ಅಷ್ಟೇ ಮಾತು. ರಸ್ಮಾದಿ ಅಲ್ಲೇ ಕುಸಿದು ಕೂತು ಹೋ ಎಂದು ಅತ್ತ. ದೇವರು ಬೇಡವೆಂದು ಬಿಸಾಡಿದ ಎಂದುಕೊಂಡದ್ದನ್ನು ದೇವರು ಚಪ್ಪರಿಸಿ ಕುಡಿಯುತ್ತಿದ್ದ! ಅದನ್ನು ಕಿತ್ತು ತರಲು ತಾನು ಹಗ್ಗ ಹಿಡಿದು ಬಂದಿದ್ದೆನಲ್ಲಾ ಎಂದು ಹಣೆ ಚಚ್ಚಿಕೊಂಡ. ಎಂಬಾ ಅವರು ಅವನನ್ನು ಅಳಲು ಬಿಟ್ಟರು. ಆಮೇಲೆ ಮುದುಕಿಯ ಕಡೆ ತಿರುಗಿ, "ತಾಯಿ, ಮೇಲೆ ಒಬ್ಬಳು ಉಪವಾಸ ಮಲಗಿದ್ದಾಳೆ. ಈ ಮಗುವನ್ನು ಅವಳಿಗೆ ತೋರಿಸುತ್ತೀಯಾ?" ಎಂದು ಕೇಳಿದರು. ಮುದುಕಿ ಎರಡು ಮಾತಾಡದೆ ಕೂಸನ್ನು ಲುಂಗಿಯ ಜೋಲಿಗೆ ಹಾಕಿಕೊಂಡಳು. ಪೈಮಿನ್ ಒಂದು ಚೊಂಬಿನಲ್ಲಿ ಹಾಲು ಹಿಡಿದು ಹಿಂದೆ ಹೊರಟ.

ತುಮಿನಾ ಗೋಡೆಯ ಕಡೆಯೇ ಮುಖ ಮಾಡಿ ಮಲಗಿದ್ದಳು. ಮುದುಕಿ ಕೂಸನ್ನು ಅವಳ ಪಕ್ಕದಲ್ಲಿ ಮಲಗಿಸಿ, "ನಿನ್ನ ಆಡಿನಿಂದ ಬದುಕಿದ ಜೀವ, ಮಗಳೇ. ಕೈಯಿಟ್ಟು ನೋಡು" ಎಂದಳು. ತುಮಿನಾ ಮೆಲ್ಲನೆ ಹೊರಳಿದಳು. ಕೂಸಿನ ಹೊಟ್ಟೆಯ ಮೇಲೆ ಕೈಯಿಟ್ಟಳು. ಹಾಲು ಕುಡಿದು ಬಿರಿದ ಹೊಟ್ಟೆ, ಬೆಚ್ಚಗಿತ್ತು.

ಎಂಬಾ ಅವರು ಚೊಂಬಿನ ಹಾಲನ್ನು ಬಿಸಿಮಾಡಿ ಬಟ್ಟಲಿಗೆ ಬಗ್ಗಿಸಿ, ಎರಡೂ ಕೈಗಳಲ್ಲಿ ಅವಳ ಮುಂದೆ ಹಿಡಿದರು. "ದೇವರು ಉಂಡು ಮಿಕ್ಕದ್ದು. ಕುಡಿ ತಾಯಿ."

ಅವಳು ಕುಡಿದಳು. ಸಂಜೆಗೆ ದಾದಿಯ ಔಷಧಿಯನ್ನೂ ಕೇಳಿ ತೆಗೆದುಕೊಂಡಳು. ಜ್ವರ ಒಂದೇ ದಿನಕ್ಕೆ ಇಳಿಯಿತು ಎಂದರೆ ಸುಳ್ಳಾದೀತು. ಬಿಸಿಲುಗಾಲ ಕಳೆಯುವವರೆಗೂ ಸತಾಯಿಸಿ ಹೋಯಿತು. ಆಡು ಪೈಮಿನ್‌ನ ಅಂಗಳದಲ್ಲೇ ಉಳಿಯಿತು. ರಸ್ಮಾದಿ ಬಿದಿರು ಹೊತ್ತು ಹೋಗಿ ಅವನ ಮಾಡನ್ನು ಸರಿಮಾಡಿಕೊಟ್ಟು ಬಂದ.

ಮರುವರ್ಷದ ಕಸಾದ ಹಬ್ಬಕ್ಕೆ ತುಮಿನಾ ತನ್ನ ಕಾಲಲ್ಲೇ ಬೆಟ್ಟ ಹತ್ತಿದಳು. ಕುಳಿಯ ಅಂಚಿನಲ್ಲಿ ಎಂಬಾ ಅವರು ಮಂತ್ರ ಮುಗಿಸುತ್ತಲೇ ಜನರೆಲ್ಲ ಕಣ್ಣುಮುಚ್ಚಿ ತಮ್ಮ ತಮ್ಮ ಕಾಣಿಕೆಗಳನ್ನು ಎಸೆದರು. ರಸ್ಮಾದಿ ಕಣ್ಣು ಮುಚ್ಚಲಿಲ್ಲ. ಹೊಗೆಯೊಳಗೆ ಬಗ್ಗಿ ಬಗ್ಗಿ ನೋಡಿದ. ಎಲ್ಲರಿಗಿಂತ ಕೆಳಗೆ, ಇನ್ನೂ ಏನೂ ಸಿಗದೆ ಒಬ್ಬ ನಿಂತಿದ್ದ.

"ಏಯ್ ತಮ್ಮಾ!" ಎಂದು ರಸ್ಮಾದಿ ಗಂಟಲು ಹರಿಯುವ ಹಾಗೆ ಕೂಗಿದ. "ಬಲೆ ಎತ್ತಿ ಹಿಡಿಯಪ್ಪಾ, ದೇವರಿಗೆ ಹಾಕುತ್ತಿದ್ದೇನೆ!"