ಒಂದೂ ತಪ್ಪಿಲ್ಲದ ಮರಳು

“ಅಜ್ಜಾರೆ, ಕಲಿಯಲೊಲ್ಲದ ಮಗುವನ್ನು ಶಾಲೆಯಲ್ಲಿ ಇಟ್ಟುಕೊಂಡು ಏನು ಮಾಡಲಿ?”

ಮಡಿವಾಳಯ್ಯ ಹೀಗೆ ಕೇಳಿದ. ಕೇಳಿದ ಅನ್ನುವುದಕ್ಕಿಂತ ಮಾತನ್ನು ಎಸೆದ ಅನ್ನಬೇಕು. ಕೈಯಲ್ಲಿದ್ದ ಹುಣಸೆಬೀಜದ ಚೀಲವನ್ನು ಮಠದ ಗುರುಗಳ ಮುಂದೆ ದೊಪ್ಪನೆ ಇಟ್ಟ. ನಮಸ್ಕಾರ ಮಾಡುವುದನ್ನೂ ಮರೆತಿದ್ದ.

ಈ ಮಡಿವಾಳಯ್ಯ ಮಠದ ಶಾಲೆಯಲ್ಲಿ ಒಂದನೇ ತರಗತಿಯ ಮೇಷ್ಟ್ರು. ಗುರುಗಳ ಹತ್ತಿರವೇ ಓದಿ ಬೆಳೆದವನು. ಸೋಮಾರಿ ಎಂದು ಅವನನ್ನು ಯಾರೂ ಅನ್ನುವ ಹಾಗಿಲ್ಲ. ಬೆತ್ತ ಮುಟ್ಟುವುದಿಲ್ಲ, ಆಟದಲ್ಲೇ ಪಾಠ ಹೇಳುತ್ತೇನೆ ಎಂದು ಹಠ ತೊಟ್ಟಿದ್ದ. ನೆಲದ ಮೇಲೆ ಕುಂಟೆಬಿಲ್ಲೆಯ ಮನೆ ಬರೆದು ಮನೆಗೊಂದು ಅಕ್ಷರ ಇಟ್ಟಿದ್ದ. ಮಕ್ಕಳು ಕುಂಟುತ್ತ ಹೋಗಿ ಅಕ್ಷರದ ಹೆಸರು ಕೂಗಬೇಕು. ಜೇಡಿಮಣ್ಣಿನಲ್ಲಿ ಅಂಕಿ ಮಾಡಿಸುತ್ತಿದ್ದ. ಸೀಮೆಸುಣ್ಣದಲ್ಲಿ ದೊಡ್ಡದಾಗಿ ಅಕ್ಷರ ಬರೆದು, ಅದರ ಗೆರೆಯ ಮೇಲೆ ಹುಣಸೆಬೀಜ ಜೋಡಿಸಲು ಹೇಳುತ್ತಿದ್ದ. ಆ ಬೀಜಗಳನ್ನು ಮನೆಮನೆ ತಿರುಗಿ ಬೇಡಿ ತಂದವನೂ ಅವನೇ, ತೊಳೆದು ಒಣಗಿಸಿದವನೂ ಅವನೇ. ಇಷ್ಟೆಲ್ಲ ಮಾಡಿದವನಿಗೆ ಸಿಟ್ಟು ಬಂದರೆ ಅದು ಅಂಥಿಂಥ ಸಿಟ್ಟಾಗಿರುವುದಿಲ್ಲ.

“ಯಾವ ಮಗು?” ಎಂದರು ಗುರುಗಳು.

“ನಿಂಬೆವ್ವ. ಕುರಿ ಮೇಯಿಸುವ ಫಕೀರವ್ವನ ಮಗಳು.”

ಆಮೇಲೆ ಮಡಿವಾಳಯ್ಯ ಒಂದೇ ಉಸಿರಿಗೆ ಎಲ್ಲ ಹೇಳಿದ. ಹೋದ ವಾರ ಊರಿನ ಹಿರಿಯರು ಅವನ ತರಗತಿ ನೋಡಲು ಬಂದಿದ್ದರು. ಆಟದಲ್ಲಿ ಎಂಥ ಪಾಠ ಎಂದು ಹಿಂದಿನಿಂದ ನಗುತ್ತಿದ್ದವರು ಅವರು. ಅವರ ಮುಂದೆ ಮಕ್ಕಳಿಗೆಲ್ಲ ಬೀಜ ಹಂಚಿ, ‘ಬ’ ಅಕ್ಷರದ ಗೆರೆಯ ಮೇಲೆ ಜೋಡಿಸಿ ಎಂದ. ಮಕ್ಕಳೆಲ್ಲ ಜೋಡಿಸಿದರು. ನಿಂಬೆವ್ವ ಮಾತ್ರ ಗೆರೆಯ ಮೇಲೆ ಒಂದು ಬೀಜವನ್ನೂ ಇಡಲಿಲ್ಲ. ಬೊಗಸೆಯಲ್ಲಿದ್ದ ಅಷ್ಟೂ ಬೀಜವನ್ನು ಅಕ್ಷರದ ಹೊಟ್ಟೆಯೊಳಗೆ ಸುರಿದು ಕೂತಳು. ಇದೇನೇ ಎಂದು ಕೇಳಿದರೆ, “ಬ ಬಾಯಿ ತಕ್ಕೊಂಡು ಕುಂತದರಿ ಸರ, ಹಸಿವಾಗೇದ ಅದಕ್ಕ” ಎಂದಳು. ಹಿರಿಯರು ಗೊಳ್ಳೆಂದು ನಕ್ಕರು.

“ನಾಲ್ಕು ಜನರ ಮುಂದೆ ಮಾನ ಹೋಯಿತು ಅಜ್ಜಾರೆ. ಬೀಜವನ್ನೆಲ್ಲ ಕೈಯಿಂದ ಬಾಚಿ ಎಸೆದೆ. ಅವಳ ಅಂಗೈಗೆ ಒಂದು ಕೊಟ್ಟೆ. ಹೇಳಿದಷ್ಟು ಮಾಡು, ತಪ್ಪು ಮಾಡಿದರೆ ನೋಡು ಎಂದೆ. ಹೌದು, ಹೊಡೆದೆ. ಸುಳ್ಳು ಹೇಳುವುದಿಲ್ಲ.”

“ಈಗ ಹೇಗಿದ್ದಾಳೆ?”

“ಈಗ ತಪ್ಪೂ ಮಾಡುವುದಿಲ್ಲ, ಏನೂ ಮಾಡುವುದಿಲ್ಲ. ಎರಡೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಕೂರುತ್ತಾಳೆ. ಕುಂಟೆಬಿಲ್ಲೆಗೆ ಏಳುವುದಿಲ್ಲ, ಮಣ್ಣು ಮುಟ್ಟುವುದಿಲ್ಲ, ಚಪ್ಪಾಳೆಯ ಹಾಡಿಗೂ ಕೈ ತೆಗೆಯುವುದಿಲ್ಲ. ನಾನೇನು ಕಲ್ಲಿಗೆ ಪಾಠ ಹೇಳಲೇ? ನಾಳೆ ಅವಳ ತಾಯಿಯನ್ನು ಬರಹೇಳಿದ್ದೇನೆ. ಇವಳಿಗೆ ಓದು ಹತ್ತುವುದಿಲ್ಲ, ಕರೆದುಕೊಂಡು ಹೋಗವ್ವ ಎಂದು ಹೇಳಿಬಿಡುತ್ತೇನೆ. ತಾವು ಅಪ್ಪಣೆ ಕೊಟ್ಟರೆ ಸಾಕು.”

ಫಕೀರವ್ವ ಎಂಥವಳೆಂದು ಗುರುಗಳಿಗೆ ಗೊತ್ತಿತ್ತು. ಮೇಷ್ಟ್ರು ಒಂದು ಮಾತು ಅಂದರೆ ಅದನ್ನು ಕಣ್ಣಿಗೊತ್ತಿಕೊಳ್ಳುವ ಹೆಂಗಸು. ಓದು ಹತ್ತುವುದಿಲ್ಲ ಅಂದರೆ ಹೌದೆಂದು ನಂಬಿ, ಮಗಳನ್ನು ನಾಡಿದ್ದಿನಿಂದಲೇ ಕುರಿಯ ಹಿಂದೆ ಅಟ್ಟುತ್ತಾಳೆ. ಮತ್ತೆ ಆ ಹುಡುಗಿ ಶಾಲೆಯ ಹೊಸ್ತಿಲು ತುಳಿಯುವುದಿಲ್ಲ. ಮಡಿವಾಳಯ್ಯನಿಗೂ ಇದು ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅಪ್ಪಣೆ ಕೇಳಲು ಬಂದಿದ್ದ.

ಗುರುಗಳು ಚೀಲದಿಂದ ಒಂದು ಹುಣಸೆಬೀಜ ತೆಗೆದು ಅಂಗೈಯಲ್ಲಿ ಇಟ್ಟುಕೊಂಡರು. ಅವರ ಹುಬ್ಬು ಗಂಟಿಕ್ಕಿತ್ತು. ಅವರಿಗೂ ಸಿಟ್ಟು ಬಂದಿದೆ ಎಂದು ಮಡಿವಾಳಯ್ಯನಿಗೆ ಅನ್ನಿಸಿತು. ಬರಲಿ, ಆ ಹುಡುಗಿಯ ಮೇಲೆ ಬರಬೇಕಾದದ್ದೇ ಎಂದುಕೊಂಡ.

“ಕೂತುಕೋ, ಒಂದು ಕತೆ ಹೇಳುತ್ತೇನೆ. ಆಮೇಲೆ ಅಪ್ಪಣೆಯ ಮಾತು” ಎಂದು ಗುರುಗಳು ಶುರುಮಾಡಿದರು.

ಒಬ್ಬ ವ್ಯಾಪಾರಿ ಇದ್ದ. ಅವನಿಗೆ ಒಬ್ಬಳೇ ಮಗಳು. ವ್ಯಾಪಾರಿ ಚಿಕ್ಕವನಿದ್ದಾಗ ಅವನ ಅಜ್ಜಿ ಮರಳಿನ ಹಲಗೆಯ ಮೇಲೆ ಬೆರಳಿನಿಂದ ಅಕ್ಷರ ಬರೆದು, ಅವನ ಬೆರಳು ಹಿಡಿದು ಅದರ ಮೇಲೆಯೇ ಮತ್ತೆ ಮತ್ತೆ ಓಡಿಸಿ ತಿದ್ದಿಸಿದ್ದಳು. ಮಗಳಿಗೂ ಹಾಗೆಯೇ ಆಗಲಿ ಎಂದು ಅವನ ಆಸೆ. ಆದರೆ ವ್ಯಾಪಾರಕ್ಕೆ ದೂರದೇಶಕ್ಕೆ ಹೋಗಬೇಕಾಗಿತ್ತು. ಒಬ್ಬ ಪಂಡಿತನನ್ನು ಮನೆಗೆ ಕರೆಸಿದ. “ಸ್ವಾಮಿ, ನಾನು ಬರುವುದರೊಳಗೆ ನನ್ನ ಮಗಳಿಗೆ ತಿದ್ದಿಸಿ” ಎಂದು ಕೈಮುಗಿದು ಹೊರಟುಹೋದ.

ಪಂಡಿತ ಸಾಮಾನ್ಯನಲ್ಲ. ದೊಡ್ಡ ದೊಡ್ಡವರ ಬರಹ ತಿದ್ದಿ ಹೆಸರು ಮಾಡಿದವನು. ತಿದ್ದುವುದು ಅಂದರೆ ತಪ್ಪು ಹುಡುಕುವುದು, ಅಷ್ಟೇ ಅವನಿಗೆ ಗೊತ್ತು. ಅಕ್ಷರ ಬಾರದ ಮಗುವಿನ ಕೈಯಲ್ಲೂ ತಿದ್ದಿಸುತ್ತಾರೆ, ಅದು ಬೇರೆ ತಿದ್ದುವುದು ಎಂಬುದು ಆ ಮಹಾರಾಯನ ತಲೆಗೆ ಹೊಳೆಯಲೇ ಇಲ್ಲ. ಮರಳಿನ ಹಲಗೆಯನ್ನು ಮಗುವಿನ ಮುಂದೆ ಇಟ್ಟ. “ಬರೆ, ತಿದ್ದುತ್ತೇನೆ” ಎಂದ.

ಮಗು ಅಕ್ಷರದ ಮುಖವನ್ನೇ ನೋಡಿರಲಿಲ್ಲ. ಬರೆ ಅಂದರಲ್ಲ ಎಂದು ಮನೆಯ ಬೆಕ್ಕನ್ನು ಬರೆಯಿತು. ಪಂಡಿತ ತಪ್ಪು ಎಂದು ಅಳಿಸಿದ. ಮಗು ಚಂದ್ರನನ್ನು ಬರೆಯಿತು. ಅದನ್ನೂ ಅಳಿಸಿದ. ಮಗು ಒಂದು ಗೆರೆ ಎಳೆದು, ಇದು ಸರಿಯೋ ಎಂದು ಮುಖ ನೋಡಿತು. ಪಂಡಿತನಿಗೆ ರೇಗಿತು. ಸೊಟ್ಟಗಿದೆ ಎಂದು ಗದರಿಸಿ, ಮರಳನ್ನು ರಪ್ಪನೆ ಸವರಿದ. ಹೀಗೇ ನಡೆಯಿತು. ಬೆರಳು ಮರಳಿಗೆ ತಾಗಿದರೆ ಬೈಗುಳ, ತಾಗದಿದ್ದರೆ ಬೈಗುಳವಿಲ್ಲ. ಮಗುವೇನು ದಡ್ಡಿಯಲ್ಲ, ಇಷ್ಟು ತಿಳಿಯದೆ ಇರುತ್ತದೆಯೇ? ಬೆರಳು ಮಡಚಿಕೊಂಡು ಕೂತಿತು. ಪಂಡಿತನಿಗೆ ಸಂತೋಷವಾಯಿತು. ತಪ್ಪು ಕಡಿಮೆಯಾಗುತ್ತಿದೆ ಎಂದು ಬೀಗಿದ.

ವ್ಯಾಪಾರಿ ಊರಿಗೆ ಬಂದ. ಕಾಲು ತೊಳೆಯುವ ಮೊದಲೇ, ಮಗಳು ಏನು ಕಲಿತಳು ಎಂದು ಕೇಳಿದ. ಪಂಡಿತ ಹಲಗೆ ತಂದು, ಹೊದಿಸಿದ್ದ ಬಟ್ಟೆ ತೆಗೆದ. ಮರಳು ನುಣ್ಣಗೆ, ಸಪಾಟಾಗಿ ಬಿದ್ದಿತ್ತು.

“ನೋಡಿ, ಒಂದೂ ತಪ್ಪಿಲ್ಲ” ಎಂದ ಪಂಡಿತ.

ವ್ಯಾಪಾರಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಏನಾದರೂ ಬರೆಯವ್ವ ಎಂದ. ಮಗು ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿತು. ಬೆಕ್ಕನ್ನಾದರೂ ಬರೆ ಎಂದ. ತಪ್ಪಾಗುತ್ತದೆ ಅಪ್ಪ ಎಂದಿತು. ವ್ಯಾಪಾರಿಗೆ ಮೈಯೆಲ್ಲ ಉರಿದುಹೋಯಿತು. ಇದೇ ಮಗು ಅವನು ಹೊರಡುವ ದಿನ ಅಂಗಳ, ಗೋಡೆ, ಅವನ ಪಂಚೆಯ ಅಂಚು ಒಂದನ್ನೂ ಬಿಡದೆ ಇದ್ದಲಿನಿಂದ ಗೀಚಿತ್ತು. ಅವನು ಪಂಡಿತನ ಕಡೆ ತಿರುಗಿ, “ನಾನು ತಿದ್ದಿಸಿ ಅಂದೆ, ನೀವು ಅಳಿಸಿದಿರಿ” ಎಂದ.

ಪಂಡಿತ ತಲೆ ತಗ್ಗಿಸಿದನೇ? ಎಲ್ಲಿಯ ಮಾತು. ಶಾಲು ಕೊಡವಿ ಹೊದ್ದುಕೊಂಡ. ನಿಮ್ಮ ಮಗಳಿಗೆ ವಿದ್ಯೆ ಹತ್ತುವುದಿಲ್ಲ, ಅವಳನ್ನು ಬೇರೆ ಕೆಲಸಕ್ಕೆ ಹಚ್ಚಿ ಎಂದು ಬುದ್ಧಿ ಹೇಳಿ ಹೊರಟ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮಡಿವಾಳಯ್ಯ ಹಲ್ಲು ಕಚ್ಚಿಕೊಂಡು ಕೇಳುತ್ತಿದ್ದ. ಹುಡುಗಿಯ ಮೇಲೆ ಇದ್ದ ಸಿಟ್ಟು ಯಾವ ಮಾಯದಲ್ಲೋ ಪಂಡಿತನ ಕಡೆ ತಿರುಗಿತ್ತು. ಅಂಥವನನ್ನು ಸುಮ್ಮನೆ ಕಳಿಸಿದ ವ್ಯಾಪಾರಿಯ ಮೇಲೂ ಸಿಟ್ಟು ಬಂದಿತ್ತು.

“ಅವನದೆಂಥ ಪಾಂಡಿತ್ಯ ಅಜ್ಜಾರೆ? ಆಡಿಕೊಂಡಿದ್ದ ಮಗುವನ್ನು ಹಾಳುಮಾಡಿ, ಕೊನೆಗೆ ಮಗುವಿನದೇ ತಪ್ಪು ಎಂದನಲ್ಲ. ಅವನ ನಾಲಿಗೆಗೆ ಬರೆ ಹಾಕಬೇಕಿತ್ತು. ವ್ಯಾಪಾರಿ ಸುಮ್ಮನೆ ಹೇಗೆ ಬಿಟ್ಟ?”

“ಬಿಡದೆ ಏನು ಮಾಡುತ್ತಾನೆ? ಪಂಡಿತ ಹೊರಟುಹೋದ. ನುಣ್ಣಗಿನ ಮರಳು ಮನೆಯಲ್ಲಿ ಉಳಿಯಿತು. ಅದರ ಮೇಲೆ ಮಗಳ ಬೆರಳು ಮತ್ತೆ ಇಳಿಯಬೇಕಾದರೆ ವ್ಯಾಪಾರಿ ಏನೇನು ಪಟ್ಟನೋ, ಆ ಕತೆ ನನಗೂ ಪೂರ್ತಿ ಗೊತ್ತಿಲ್ಲ.”

ಮಡಿವಾಳಯ್ಯ ತನ್ನ ಬಲಗೈಯನ್ನು ನೋಡಿಕೊಂಡ. ಬೀಜ ಬಾಚಿ ಎಸೆದದ್ದು ಆ ಕೈ. ಅದನ್ನು ಎಲ್ಲಿಡುವುದೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡ. ಆದರೂ ಬಂದ ಕೆಲಸದ ಮಾತು ಬಾಯಿಂದ ಹೊರಬಿತ್ತು. “ಹಾಗಾದರೆ... ನಾಳೆ ಫಕೀರವ್ವ ಬರುತ್ತಾಳಲ್ಲ, ಅವಳಿಗೆ ಏನು ಹೇಳಲಿ?”

ಗುರುಗಳು ಅಂಗೈಯಲ್ಲಿದ್ದ ಹುಣಸೆಬೀಜವನ್ನು ಚೀಲಕ್ಕೆ ಹಾಕಿ, ಚೀಲವನ್ನು ಅವನ ಕಡೆಗೇ ಸರಿಸಿದರು.

“ನೀನು ಕಲಿಸಿದ್ದನ್ನು ಒಂದೂ ತಪ್ಪಿಲ್ಲದೆ ಕಲಿತವಳು ನಿಂಬೆವ್ವ ಒಬ್ಬಳೇ ಮಡಿವಾಳಯ್ಯ, ಅವಳನ್ನೇ ಯಾಕೆ ಕಳಿಸುತ್ತೀ?”