ನೀರು ಹೊಕ್ಕ ಜಾಗ

ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ದಂಡೆಯಲ್ಲಿ ಇನಾಸ ಮೇಸ್ತ್ರಿಯವರ ಶೆಡ್ಡು ಇತ್ತು. ದೋಣಿಯ ಇಂಜಿನ್ ರಿಪೇರಿ ಮಾಡುತ್ತ ಅವರು ನಲವತ್ತು ವರ್ಷ ಕಳೆದಿದ್ದರು. ಕಣ್ಣು ಮಂಜಾದ ಮೇಲೆ ಕೆಲಸವನ್ನೆಲ್ಲ ಶಿಷ್ಯ ಜಟ್ಟಪ್ಪನಿಗೆ ಬಿಟ್ಟು, ತಾವು ಬೆಂಚಿನ ಮೇಲೆ ಕೂತಿರುತ್ತಿದ್ದರು.

ಜಟ್ಟಪ್ಪನಿಗೆ ಮೂವತ್ತು ದಾಟಿತ್ತು. ಆರು ವರ್ಷದಿಂದ ಅವರ ಬಳಿ ಕಲಿಯುತ್ತಿದ್ದ. ಅವನ ಕೈ ಚುರುಕು. ಮಾತು ಅದಕ್ಕಿಂತ ಚುರುಕು.

ಒಂದು ದಿನ ಹೊನ್ನಕ್ಕನ ಹಳೆಯ ಇಂಜಿನ್ ಮೂರನೆಯ ಸಲ ಶೆಡ್ಡಿಗೆ ಬಂತು.

ಹೊನ್ನಕ್ಕ ಬಳಚು, ಅಂದರೆ ಮರಳಲ್ಲಿ ಹುದುಗಿರುವ ಚಿಪ್ಪುಮೀನು, ಹೆಕ್ಕುವವಳು. ನೀರು ಇಳಿದಾಗ ಏಳು ಹೆಂಗಸರನ್ನು ದೋಣಿಯಲ್ಲಿ ಕೂರಿಸಿಕೊಂಡು ಅಳಿವೆಯ ನಡುವಿನ ಮರಳದಿಬ್ಬಕ್ಕೆ ಹೋಗುತ್ತಿದ್ದಳು. ನೀರು ಏರುವ ಮೊದಲು ಎಲ್ಲರನ್ನೂ ವಾಪಸು ಕರೆತರಬೇಕು. ನಡುವೆ ಇಂಜಿನ್ ನಿಂತರೆ, ಅಲ್ಲಿಯದು ಹುಟ್ಟು ಹಾಕಿ ದಾಟುವಂಥ ಸೆಳೆತವಲ್ಲ.

ಇಂಜಿನ್ನಿನ ಕೆಳತುದಿಯಲ್ಲಿ ಹಲ್ಲುಚಕ್ರಗಳನ್ನು ಮುಚ್ಚಿಟ್ಟ ಗೇರ್ ಕೇಸು ಇರುತ್ತದೆ. ಅದು ಸದಾ ನೀರಿನಲ್ಲಿ ಮುಳುಗಿರುವಂಥದ್ದು, ಆದರೆ ಅದರೊಳಗೆ ಎಣ್ಣೆ ಮಾತ್ರ ಇರಬೇಕು. ಜಟ್ಟಪ್ಪ ಬಿಚ್ಚಿ ನೋಡಿದರೆ ಎಣ್ಣೆ ಈ ಸಲವೂ ಹಾಲು ಬೆರೆಸಿದ ಚಹಾದ ಬಣ್ಣಕ್ಕಿತ್ತು. ಮತ್ತೆ ನೀರು ಹೊಕ್ಕಿತ್ತು.

ಮೊದಲ ಸಲ ಅವನು ದೋಣಿ ತಳ್ಳುವ ಫ್ಯಾನಿನ ಕಡೆಯ, ನೀರು ತಡೆಯುವ ರಬ್ಬರ್ ಸೀಲ್ ಬದಲಿಸಿದ್ದ. ಎರಡನೆಯ ಸಲ ಮೇಲಿನ ಸೀಲ್. ಮೂರನೆಯ ಸಲ ಅವನಿಗೆ ಬೇಸರ ಬಂತು. ಕಬ್ಬಿಣಕ್ಕೂ ಮುಪ್ಪು ಬರುತ್ತದೆ, ಇದನ್ನು ಇನ್ನು ಬಿಟ್ಟುಬಿಡು ಅಂತ ಹೊನ್ನಕ್ಕನಿಗೆ ಹೇಳಿದ.

ಹೊನ್ನಕ್ಕ ಇಂಜಿನ್ನಿನ ಮೇಲಿದ್ದ ಕೆಸರನ್ನು ಸೆರಗಿನ ತುದಿಯಿಂದ ಒರೆಸಿ ಹೊರಟುಹೋದಳು.

ಇದನ್ನೆಲ್ಲ ಕೇಳಿಸಿಕೊಂಡಿದ್ದ ಮೇಸ್ತ್ರಿ ಮರುದಿನ ಬೆಳಿಗ್ಗೆ ಮಾತೆತ್ತಿದರು.

“ನೀರು ಎಲ್ಲಿಂದ ಒಳಗೆ ಹೋಗ್ತಾ ಇದೆ?”

“ಎಲ್ಲ ಕಡೆಯಿಂದ, ಮೇಸ್ತ್ರಿ. ಆ ಇಂಜಿನ್ ನನಗಿಂತ ಹಳೇದು.”

“ಹಾಗಾದರೆ ಒಂದು ಕಡೆ ಕೈಯಿಟ್ಟು ತೋರಿಸು.”

ಜಟ್ಟಪ್ಪ ಒಂದು ಸೀಲಿನತ್ತ ಕೈ ಚಾಚಿ, ಹಿಂದಕ್ಕೆಳೆದುಕೊಂಡ.

ಅರ್ಧ ಕತ್ತರಿಸಿದ ಡ್ರಮ್ಮಿನಲ್ಲಿ ನೀರು ತುಂಬಿಸು ಅಂದರು ಮೇಸ್ತ್ರಿ. ಎಣ್ಣೆ ಖಾಲಿ ಮಾಡಿ, ಕೆಳಗಿನ ಸ್ಕ್ರೂ ಮೊದಲು ಹೇಗಿತ್ತೋ ಹಾಗೇ ಬಿಗಿದು, ಮೇಲಿನ ತೂತಿಗೆ ಪಂಪಿನ ಕೊಳವೆ ಸಿಕ್ಕಿಸಿ ಗಾಳಿ ಹಾಕಬೇಕು. ಹೆಚ್ಚು ಹಾಕಿದರೆ ಒಳ್ಳೆಯ ಸೀಲೂ ಕಿತ್ತುಬರುತ್ತದೆ, ಆದ್ದರಿಂದ ಸ್ವಲ್ಪವೇ ಹಾಕಬೇಕು. ಆಮೇಲೆ ನೀರಿನಲ್ಲಿ ಮುಳುಗಿಸಿಡಬೇಕು. ನೀರು ಒಳಗೆ ಹೋದ ದಾರಿಯಲ್ಲೇ ಗಾಳಿ ಹೊರಗೆ ಬರುತ್ತದೆ.

ಇದು ಜಟ್ಟಪ್ಪ ಮೊದಲ ವರ್ಷವೇ ಕಲಿತ ಪಾಠ. ಮರೆತಿರಲಿಲ್ಲ. ನೋಡಿದರೇ ಗೊತ್ತಾಗುತ್ತದೆ ಅನ್ನುವ ಹಂತಕ್ಕೆ ತಾನು ಬಂದಿದ್ದೇನೆ ಅಂದುಕೊಂಡಿದ್ದ, ಅಷ್ಟೆ.

ಗೇರ್ ಕೇಸು ಮುಳುಗಿತು. ಜಟ್ಟಪ್ಪ ಡ್ರಮ್ಮಿನ ಮೇಲೆ ಬಗ್ಗಿ ಫ್ಯಾನಿನ ಕಡೆಯ ಸೀಲನ್ನೇ ನೋಡಿದ. ಗುಳ್ಳೆ ಬರಲಿಲ್ಲ. ಮೇಲಿನ ಸೀಲಿನ ಹತ್ತಿರವೂ ಇಲ್ಲ. ತಿರುಗುವಾಗ ಸೋರುತ್ತಿರಬಹುದು ಅಂತ ಫ್ಯಾನನ್ನು ಕೈಯಿಂದ ತಿರುಗಿಸಿದ. ಆಗಲೂ ಇಲ್ಲ. ತನ್ನ ಕೆಲಸ ಗಟ್ಟಿಯಾಗಿದೆ ಅಂತ ಒಳಗೊಳಗೇ ಖುಷಿಯೂ ಆಯಿತು.

“ಏನೂ ಇಲ್ಲ, ಮೇಸ್ತ್ರಿ.”

“ಎಲ್ಲಿ ನೋಡ್ತಾ ಇದೀಯ?”

“ಸೀಲ್ ಹತ್ತಿರ.”

“ಸೀಲ್ ನೋಡು ಅಂದೆನಾ? ನೀರು ನೋಡು.”

ಜಟ್ಟಪ್ಪ ಹಿಂದೆ ಸರಿದು, ನೆಲದ ಮೇಲೆ ಕೂತು, ಇಡೀ ಡ್ರಮ್ಮಿನ ನೀರನ್ನು ನೋಡತೊಡಗಿದ. ಬಹಳ ಹೊತ್ತು ಏನೂ ಆಗಲಿಲ್ಲ. ಹೊರಗೆ ಯಾರೋ ದೋಣಿಯಿಂದ ಬಲೆ ಇಳಿಸುತ್ತಿದ್ದರು. ಅವನ ಮನಸ್ಸಿನ ಅವಸರ ನಿಧಾನವಾಗಿ ಇಳಿಯಿತು.

ಆಗ ಗೇರ್ ಕೇಸಿನ ಕೆಳಗಿನ ಮೂಲೆಯಿಂದ ಸಾಸಿವೆಯಷ್ಟು ಸಣ್ಣ ಒಂದು ಗುಳ್ಳೆ ಎದ್ದು ಬಂತು. ಹತ್ತು ಎಣಿಸುವಷ್ಟರಲ್ಲಿ ಇನ್ನೊಂದು.

ಅದು ಎಣ್ಣೆ ಇಳಿಸುವ ಸ್ಕ್ರೂ.

ಅವನು ಅದನ್ನು ಬಿಚ್ಚಿದ. ಅದರ ವಾಷರ್ ಚಪ್ಪಟೆಯಾಗಿ ಒಂದು ಕಡೆ ಸೀಳಿತ್ತು. ಎಣ್ಣೆ ತುಂಬಿದಾಗಲೆಲ್ಲ ಹೊಸ ವಾಷರ್ ಹಾಕಬೇಕು. ಹೊಸದರ ಡಬ್ಬಿ ಕಪಾಟಿನ ಮೇಲಿತ್ತು, ಕೈಯೆಲ್ಲ ಎಣ್ಣೆಯಾಗಿತ್ತು, ಕೆಲಸ ಮುಗಿಯುತ್ತ ಬಂದಿತ್ತು. ಎರಡು ಸಲವೂ ಅವನು ಹಳೆಯದನ್ನೇ ತಿರುಗಿ ಹಾಕಿ ಬಿಗಿದಿದ್ದ. ಆ ಸ್ಕ್ರೂವನ್ನು ಅವನ ಹೊರತು ಬೇರೆ ಯಾರೂ ಮುಟ್ಟಿರಲಿಲ್ಲ.

ಜಟ್ಟಪ್ಪ ಕಪಾಟಿನ ಮೇಲಿನ ಡಬ್ಬಿ ಇಳಿಸಿ, ಹೊಸ ವಾಷರ್ ಹಾಕಿ, ಗಾಳಿ ತುಂಬಿ, ಮತ್ತೆ ಮುಳುಗಿಸಿದ. ಮೇಸ್ತ್ರಿ ಗಂಜಿ ಕುಡಿದು ಮುಗಿಸಿದರೂ ಒಂದು ಗುಳ್ಳೆಯೂ ಏಳಲಿಲ್ಲ. ಪಂಪಿನ ಮೇಲೆ ಗಾಳಿಯ ಒತ್ತಡ ತೋರಿಸುವ ಮುಳ್ಳೂ ಕದಲಲಿಲ್ಲ.

ಆಮೇಲೆ ಅವನು ತಗ್ಗಿದ ದನಿಯಲ್ಲಿ ಕೇಳಿದ. ಹೊನ್ನಕ್ಕನಿಗೆ ಏನು ಹೇಳುವುದು? ಇನ್ನೊಂದು ಸೀಲ್ ಹೋಗಿತ್ತು ಅಂದರೆ ಅವಳು ನಂಬುತ್ತಾಳೆ. ಕೈ ತಪ್ಪಿದ್ದು ಅಂತ ಗೊತ್ತಾದರೆ ಈ ಶೆಡ್ಡಿಗೆ ಯಾರು ಇಂಜಿನ್ ತರುತ್ತಾರೆ?

ಮೇಸ್ತ್ರಿ ಬೆಂಚನ್ನು ತಡವಿ, ಸೀಳಿದ ವಾಷರನ್ನು ಹುಡುಕಿ, ಅವನ ಅಂಗೈಯಲ್ಲಿಟ್ಟರು.

“ಇದನ್ನ ಅವಳ ಕೈಗೆ ಕೊಡು. ಆಮೇಲೆ ನಿನಗೆ ಏನು ಹೇಳೋಕೆ ಬರುತ್ತೋ ಅದನ್ನೇ ಹೇಳು.”

ಜಟ್ಟಪ್ಪ ಹೊಸ ಎಣ್ಣೆ ತುಂಬಿದ ಇಂಜಿನ್ನನ್ನು ಹೆಗಲ ಮೇಲೆ ಹೊತ್ತು ಹೊನ್ನಕ್ಕನ ದೋಣಿ ಕಟ್ಟುವ ಜಾಗಕ್ಕೆ ಹೋದ. ಹೆಂಗಸರೆಲ್ಲ ಅಲ್ಲೇ ಇದ್ದರು. ಅವನು ವಾಷರ್ ಕೊಟ್ಟ. ಬೇರೆ ಮಾತು ಬಾಯಿಗೆ ಬರಲಿಲ್ಲ. ಇಂಜಿನ್ ಸರಿಯಿತ್ತು, ತಪ್ಪು ನನ್ನದು ಅಂದ.

ಹೊನ್ನಕ್ಕ ಅದನ್ನು ಬೆರಳಲ್ಲಿ ತಿರುಗಿಸಿ ನೋಡಿದಳು.

“ಇಷ್ಟೇ ಆಗಿತ್ತಾ?”

“ಇಷ್ಟೇ, ಅಕ್ಕ.”

ಅವಳು ಎಲ್ಲರೆದುರು ಅವನನ್ನು ಚೆನ್ನಾಗಿ ಬೈದಳು. ಮೂರೂ ರಿಪೇರಿ ಸೇರಿ ಮೂರು ವಾರ ನೀರಿಳಿತದ ಹೊತ್ತಿನ ಕೆಲಸ ತಪ್ಪಿತ್ತು. ಇಬ್ಬರು ಹೆಂಗಸರು ಬೇರೆ ದೋಣಿ ಹುಡುಕುತ್ತಿದ್ದರು. ತೀರಿಹೋದ ಗಂಡ ತಂದ ಇಂಜಿನ್ನನ್ನು ಗುಜರಿಗೆ ಹಾಕುವುದು ಹೇಗೆ ಅಂತ ಅವಳಿಗೆ ರಾತ್ರಿ ನಿದ್ದೆ ಇರಲಿಲ್ಲ. ಜಟ್ಟಪ್ಪ ತಲೆತಗ್ಗಿಸಿ ನಿಂತು ಎಲ್ಲವನ್ನೂ ಕೇಳಿದ. ಬೈದು ಮುಗಿದ ಮೇಲೆ ಅವಳು, ಆ ಕಡೆ ಹಿಡಿ ಅಂದಳು. ಇಬ್ಬರೂ ಸೇರಿ ಇಂಜಿನ್ನನ್ನು ದೋಣಿಗೆ ಕಟ್ಟಿದರು. ನೀನೂ ಹತ್ತು, ನಿಂತರೆ ಹುಟ್ಟು ನಿನ್ನದೇ ಅಂದಳು.

ಇಂಜಿನ್ ನಿಲ್ಲಲಿಲ್ಲ. ದಿಬ್ಬದ ಬಳಿ ಹೆಂಗಸರು ಸೊಂಟಮಟ್ಟದ ನೀರಲ್ಲಿ ನಿಂತು ಕಾಲಲ್ಲೇ ಬಳಚು ಹುಡುಕುತ್ತ ಒಬ್ಬರನ್ನೊಬ್ಬರು ಗೇಲಿ ಮಾಡಿದರು. ಜಟ್ಟಪ್ಪ ದೋಣಿಯಲ್ಲಿ ಬಿಸಿಲು ಕಾಯುತ್ತ ಕೂತಿದ್ದ. ಬಹಳ ದಿನದ ಮೇಲೆ ಮನಸ್ಸು ಹಗುರಾಗಿತ್ತು. ಮರಳುವಾಗ ಯಾರೋ ಅವನ ಟವೆಲಿಗೆ ಎರಡು ಬೊಗಸೆ ಬಳಚು ಸುರಿದರು.

ಹನ್ನೆರಡು ದಿನ ಕಳೆದ ಮೇಲೆ ಅವನು ಆ ಗೇರ್ ಕೇಸಿನಿಂದ ಒಂದಿಷ್ಟು ಎಣ್ಣೆ ಇಳಿಸಿ ನೋಡಿದ. ಜೇನಿನ ಬಣ್ಣದ ತಿಳಿ ಎಣ್ಣೆ. ಹೊಸ ವಾಷರ್ ಹಾಕಿ ಬಿಗಿದು, ಒಂದು ಹನಿಯನ್ನು ಬೆರಳ ತುದಿಯಲ್ಲಿ ಹಿಡಿದು ಶೆಡ್ಡಿಗೆ ನಡೆದ.

ಮೇಸ್ತ್ರಿಗೆ ಬಣ್ಣ ಕಾಣಲಿಲ್ಲ. ಆ ಹನಿಯನ್ನು ತಮ್ಮ ಎರಡು ಬೆರಳ ನಡುವೆ ಉಜ್ಜಿ, ಮೂಸಿ, ತಲೆಯಾಡಿಸಿದರು.

“ಇನ್ನು ನೀರು ಬರೋದಿಲ್ಲ, ಅಲ್ವಾ ಮೇಸ್ತ್ರಿ?”

ಮೇಸ್ತ್ರಿ ಬೆರಳನ್ನು ಬಟ್ಟೆಗೆ ಒರೆಸಿಕೊಂಡರು.

“ಒಳಗೆ ಬರೋದು ನೀರಿನ ಕೆಲಸ, ಜಟ್ಟಪ್ಪ. ಅದು ತನ್ನ ಕೆಲಸ ಬಿಡೋದಿಲ್ಲ. ನೀನು ನಿನ್ನದು ಬಿಡಬೇಡ.”