ಕೊಳಗ ತುಂಬ ಮರಿಗಳು

ಹನ್ನೊಂದು ಮರಿಗಳ ತಾಯಿ ಚುಕ್ಕಿ ಕೋಳಿಗೆ ಹದ್ದಿನ ನೆರಳು ಕಂಡರೆ ಸಾಕು, ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಗುತ್ತಿತ್ತು. ಒಂದು ಸಂಜೆ ಅದು ಕಣದ ಮೂಲೆಯಲ್ಲಿದ್ದ, ರಾಗಿ ಅಳೆಯುವ ಕೊಳಗದ ಬಳಿ ಬಂದು, "ಕೊಳಗಣ್ಣಾ, ನನ್ನ ಮರಿಗಳೆಲ್ಲ ಇವೆಯೇ ನೋಡಿ ಹೇಳು. ಹೆತ್ತವಳೇ ಎಣಿಸಿದರೆ ದೃಷ್ಟಿಯಾದೀತು," ಎಂದಿತು.

"ಎಣಿಸುವುದೇಕೆ? ನಾನು ಅಳೆಯುತ್ತೇನೆ," ಎಂದಿತು ಕೊಳಗ. ಮರಿಗಳು ಒಳಗಿಳಿದವು. ಕೊಳಗ ಕಂಠಮಟ್ಟ ತುಂಬಿತು. ರಾಗಿ ಅಳೆಯುವವರು ಮೊದಲ ಅಳತೆಯನ್ನು 'ಒಂದು' ಎನ್ನದೆ 'ಲಾಭ' ಎನ್ನುವಂತೆ ಅದೂ "ಲಾಭ!" ಎಂದು ಕೂಗಿತು. ಕಣ್ಣು ತಾನಾಗಿಯೇ ಎಣಿಸಿಬಿಟ್ಟೀತೆಂದು ಹೆದರಿ ಕೋಳಿ ಒಳಗೆ ಇಣುಕಲೂ ಇಲ್ಲ.

ಅಂದಿನಿಂದ ಪ್ರತಿ ಸಂಜೆ ಅದೇ ಅಳತೆ, ಅದೇ ಕೂಗು. ಹದ್ದು ಎರಗಿ ಹೋದ ದಿನಗಳಲ್ಲಿ ಕೋಳಿ ಓಡಿ ಬಂದು, "ಒಂದು ಮರಿ ಚೀರಿದ್ದು ಕೇಳಿಸಿತಲ್ಲಣ್ಣಾ," ಎನ್ನುತ್ತಿತ್ತು.

"ನಾನು ತುಂಬಿದ್ದೇನೆ. ಕಡಿಮೆಯಾಗಿದ್ದರೆ ತುಂಬುತ್ತಿದ್ದೆನೇ?" ಎಂದು ಕೊಳಗ ಗದರುತ್ತಿತ್ತು. ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ ನಂಬದಿರುವುದು ಹೇಗೆ?

ತಿಂಗಳು ಕಳೆಯಿತು. ಒಂದು ಸಂಜೆ ಒಳಗಿನ ಚಿಲಿಪಿಲಿ ತೀರ ಕಡಿಮೆ ಎನಿಸಿ, ಕೋಳಿ ದೃಷ್ಟಿಯ ಭಯವನ್ನೂ ಮರೆತು ಕೊಳಗದೊಳಕ್ಕೆ ಕತ್ತು ಚಾಚಿತು. ಮೈ ತುಂಬಿಕೊಂಡು, ರೆಕ್ಕೆ ಬಲಿತ ಎರಡೇ ಎರಡು ಮರಿಗಳು ಅಲ್ಲಿ ಇಕ್ಕಟ್ಟಿನಲ್ಲಿ ಕೂತಿದ್ದವು. ಇನ್ನೊಂದಕ್ಕೆ ಜಾಗವೇ ಇರಲಿಲ್ಲ.

ಕಣದ ಮೇಲೆ ನೆರಳೊಂದು ಹಾದುಹೋಯಿತು.

"ಲಾಭ!" ಎಂದಿತು ಕೊಳಗ.